ಒಂಬತ್ತನೇ ಬಿ ತರಗತಿಯ ಬುಟ್ಟಿಗಳು

ಕಾಗದದ ಬುಟ್ಟಿ ಮಾಡುವ ಕಲೆ ನನ್ನ ರಕ್ತದಲ್ಲೇ ಇದೆ ಎಂದು ನಾನು ನಂಬಿದ್ದೆ. ಸಿ.ಎಸ್. ಪುರದಲ್ಲಿದ್ದ ನಮ್ಮಜ್ಜಿ ಹಳೇ ಪೇಪರು ನೆನೆಸಿ, ಮೆಂತ್ಯ ಸೇರಿಸಿ ರುಬ್ಬಿ, ಆ ಹಿಟ್ಟನ್ನು ಬೋರಲು ಹಾಕಿದ ಪಾತ್ರೆಯ ಮೇಲೆ ಮೆತ್ತಿ ಒಣಗಿಸಿ ಎಂಥ ಗಟ್ಟಿ ಬುಟ್ಟಿ ಮಾಡುತ್ತಿದ್ದರೆಂದರೆ, ಅದರ ಮೇಲೆ ಮಗುವನ್ನು ನಿಲ್ಲಿಸಬಹುದಿತ್ತು. ನಿಲ್ಲಿಸಿದ್ದು ನನ್ನನ್ನೇ. ವಿದ್ಯೆ ಕಾಲಿನ ಮೂಲಕವೂ ಬರುತ್ತದೆ ಎಂಬುದು ನನ್ನ ಲೆಕ್ಕಾಚಾರ.

ವಸಂತನರಸಾಪುರದ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ಹದಿನಾರು ವರ್ಷ ದುಡಿದು, ಕೆಲಸ ಬಿಟ್ಟು ಸದಾಶಿವನಗರದ ಮನೆಯಲ್ಲಿ ಕೂತಿದ್ದೆ. ಕೂತಿದ್ದೆ ಎನ್ನುವುದು ಮರ್ಯಾದೆಯ ಮಾತು. ಮೊದಲ ವಾರ ಅಡುಗೆಮನೆಯ ಡಬ್ಬಿಗಳನ್ನು ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿದೆ. ಎರಡನೇ ವಾರ ಯಜಮಾನರ ಚಪ್ಪಲಿಗಳಿಗೆ ನಂಬರು ಹಾಕಿದೆ. ಮೂರನೇ ವಾರ ಅವರು, ಕುಣಿಗಲ್‌ನ ಹೈಸ್ಕೂಲೊಂದರಲ್ಲಿ ಕನ್ನಡ ಮೇಷ್ಟ್ರಾಗಿರುವ ಶಾಂತ ಸ್ವಭಾವದ ಮನುಷ್ಯ, ಕೈಮುಗಿದು ಏನಾದರೊಂದು ಕೆಲಸ ಹಿಡಿಯಲು ಕೇಳಿಕೊಂಡರು.

ಅದೇ ವಾರ ಪಕ್ಕದ ಮನೆಯ ನಸೀಮಾ ಬಂದಳು. ಟೈಲರ್ ಆಗಿರುವ ಆಕೆ ಉಳಿದ ಬಟ್ಟೆಯ ಚೂರುಗಳಲ್ಲೇ ಚೀಲ, ಕಾಲೊರಸು ಹೊಲಿದು ಮಾರುತ್ತಾಳೆ. ಗುಬ್ಬಿಯಲ್ಲಿ ಮುಂದಿನ ಭಾನುವಾರ ಹೆಂಗಸರ ಕೈಕೆಲಸದ ಮಾರಾಟವಿದೆ, ತನ್ನ ಮೇಜಿನಲ್ಲಿ ಅರ್ಧ ಜಾಗ ಖಾಲಿ ಇದೆ ಎಂದಳು. ನಲವತ್ತು ಬುಟ್ಟಿಯೊಂದಿಗೆ ಬರುತ್ತೇನೆಂದು ಘೋಷಿಸಿದೆ. ಆವರೆಗೆ ನಾನು ಮಾಡಿದ್ದ ಬುಟ್ಟಿಗಳ ಒಟ್ಟು ಸಂಖ್ಯೆ ಸೊನ್ನೆ.

ಬೀದಿಯವರೆಲ್ಲ ಹಳೇ ಪೇಪರು ತಂದು ಸುರಿದರು. ಸ್ನಾನದ ಮನೆಯ ಡ್ರಮ್ಮಿನಲ್ಲಿ ಪೇಪರು ನೆನೆಯಿತು, ಬಕೆಟ್ಟಿನಲ್ಲಿ ಮೆಂತ್ಯ ನೆನೆಯಿತು, ಯಜಮಾನರು ಎರಡು ದಿನ ಸ್ನಾನವಿಲ್ಲದೆ ಶಾಲೆಗೆ ಹೋದರು. ಅಚ್ಚಿಗೆ ಪಾತ್ರೆ ಬೇಕಲ್ಲ. ಮನೆಯ ಪಾತ್ರೆಗಳೆಲ್ಲ ಮಂಚದ ಮೇಲೆ ಬೋರಲು ಮಲಗಿ ಮೈತುಂಬ ಹಿಟ್ಟು ಹೊದ್ದುಕೊಂಡವು. ಉಪ್ಪಿಟ್ಟನ್ನು ಕುಕ್ಕರಿನ ಮುಚ್ಚಳದಲ್ಲಿ ಮಾಡಿದೆ. ಪಾತ್ರೆ ಸಾಲದಾದಾಗ ಯಜಮಾನರ ಹೆಲ್ಮೆಟ್ಟಿನ ಮೇಲೂ ಒಂದು ಬುಟ್ಟಿ ಮೆತ್ತಿದೆ. ಆಕಾರದಲ್ಲಿ ಅದೇ ಎಲ್ಲಕ್ಕಿಂತ ಚೆನ್ನಾಗಿ ಬಂತು. ಮರುದಿನ ಬಸ್‌ಸ್ಟ್ಯಾಂಡಿನವರೆಗೆ ಅವರ ಬೈಕಿನ ಹಿಂದೆ ಎರಡು ನಾಯಿ ಮೂಸುತ್ತ ಓಡಿದವಂತೆ.

ಶುಕ್ರವಾರ ಗ್ರೈಂಡರ್ ಒಮ್ಮೆ ನರಳಿ, ಹೊಗೆ ಬಿಟ್ಟು, ಕಣ್ಣು ಮುಚ್ಚಿತು. ಇನ್ನೂ ಆರು ಬುಟ್ಟಿ ಬಾಕಿ. ನಾನು ಧೃತಿಗೆಡುವವಳಲ್ಲ. ರುಬ್ಬದಿದ್ದರೇನು, ಕಾಗದವನ್ನು ಕೈಯಲ್ಲೇ ಹರಿದು, ಮೆಂತ್ಯದ ಅಂಟಿನಲ್ಲಿ ಅದ್ದಿ ಪದರ ಪದರವಾಗಿ ಅಂಟಿಸಿದರಾಯಿತು. ಆದರೆ ಅದಕ್ಕೆ ಗಟ್ಟಿ ಬಿಳಿ ಹಾಳೆ ಬೇಕು. ಹಾಲ್‌ನಲ್ಲಿ ಪೇಪರಿನ ಗುಡ್ಡೆಯ ಪಕ್ಕದಲ್ಲೇ ದಾರ ಕಟ್ಟಿದ ಬಿಳಿ ಹಾಳೆಗಳ ಕಟ್ಟೊಂದು ಸಿಕ್ಕಿತು. ಯಾರೋ ಪುಣ್ಯಾತ್ಮರು ಮಕ್ಕಳ ಹಳೇ ನೋಟ್ಸು ಕೊಟ್ಟಿದ್ದಾರೆಂದು ಮನಸ್ಸಿನಲ್ಲೇ ಹರಸಿ, ದಾರ ಬಿಚ್ಚಿದೆ. ದಾರವನ್ನೂ ಬಿಸಾಡಲಿಲ್ಲ. ಮರುಬಳಕೆ ಎಂದಮೇಲೆ ಮರುಬಳಕೆ.

ಭಾನುವಾರ ಗುಬ್ಬಿಯ ಮೈದಾನದ ಶಾಮಿಯಾನದಲ್ಲಿ ನನ್ನ ಬುಟ್ಟಿಗಳು ಕೂತವು. ಬಿಳಿಯ ಆರನ್ನು ಮುಂದಿಟ್ಟಿದ್ದೆ. ಸೊಪ್ಪಿನ ಚೀಲ ಹಿಡಿದ ಅಜ್ಜಿಯೊಬ್ಬರು ಅದರಲ್ಲೊಂದನ್ನು ಕೊಂಡು ಹೋದರು. ನಾನು ನಸೀಮಾಳ ಕಡೆ ವ್ಯಾಪಾರಸ್ಥಳ ನೋಟ ಬೀರಿದೆ. ಆಮೇಲೆ ಕನ್ನಡಕದ ಗಿರಾಕಿಯೊಬ್ಬರು ಇನ್ನೊಂದು ಬಿಳಿ ಬುಟ್ಟಿಯನ್ನೆತ್ತಿ ತಿರುಗಿಸಿ ನೋಡಿದರು.

"ಏನಮ್ಮಾ, ಇದ್ರಲ್ಲಿ ಏನೋ ಬರ್ದದಲ್ಲ?"

ಅದು ಡಿಸೈನು ಎಂದೆ. ಅವರು ಬೆರಳಿಟ್ಟು ಓದಿದರು, "ಲೋಪಸಂಧಿಗೆ ಉದಾಹರಣೆ ಕೊಡಿ." ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಯಜಮಾನರು.

"ಗಿರಿಜಾ, ಹಾಲ್‌ನಲ್ಲಿ ಒಂಬತ್ತನೇ ಬಿ ಉತ್ತರಪತ್ರಿಕೆ ಕಟ್ಟು ಇಟ್ಟಿದ್ದೆ. ಮಂಚದ ಮೇಲೆ ಜಾಗ ಇರ್ಲಿಲ್ಲ ಅಂತ ಕೆಳಗಿಟ್ಟಿದ್ದೆ. ನೋಡಿದ್ಯಾ? ಇನ್ನೂ ತಿದ್ದಿಲ್ಲ ಅದನ್ನ."

ಗಿರಾಕಿಯ ಕೈಯಲ್ಲಿದ್ದ ಬುಟ್ಟಿಯ ಅಂಚಿನಲ್ಲಿ ಮುದ್ದಾದ ನೀಲಿ ಅಕ್ಷರಗಳು ಕಾಣುತ್ತಿದ್ದವು: ಮಾತು + ಇಲ್ಲ = ಮಾತಿಲ್ಲ. ನನಗೂ ಇರಲಿಲ್ಲ.

ಕೊನೆಗೆ ವಿಷಯ ಹೇಳಿದೆ. ಅವರು ಬಯ್ಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಎಲ್ಲ ಬಿಳಿ ಬುಟ್ಟಿಗಳನ್ನೂ ತಾ ಎಂದರು. ಉತ್ತರಪತ್ರಿಕೆ ಕಳೆದುಹೋಯಿತು ಎಂದರೆ ಮೇಷ್ಟ್ರು ಬೇಜವಾಬ್ದಾರಿ, ಸೋಮವಾರವೇ ನೋಟಿಸು. ಬುಟ್ಟಿಯಾಯಿತು ಎಂದರೆ ಯಾರೂ ನಂಬುವುದಿಲ್ಲ, ಸಾಕ್ಷಿ ಬೇಕು. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಒಂದು ಹಾಳೆಯನ್ನೂ ಕಳೆಯದವರು ಅವರು.

ನಾನು ಫೋನಿಟ್ಟು ತಿರುಗುವಷ್ಟರಲ್ಲಿ ಶಾಮಿಯಾನದ ಬದಿಯಿಂದ ಕತ್ತು ಚಾಚಿದ ಹಸುವೊಂದು ಮತ್ತೊಂದು ಬಿಳಿ ಬುಟ್ಟಿಯನ್ನು ಅರ್ಧ ಮುಗಿಸಿತ್ತು. ಮೆಂತ್ಯದ ರುಚಿ. ನಸೀಮಾ ಒಂದು ಕಡೆ ಎಳೆದಳು, ಹಸು ಇನ್ನೊಂದು ಕಡೆ ಎಳೆಯಿತು. ಹಸು ಗೆದ್ದಿತು.

ಉಳಿದ ನಾಲ್ಕನ್ನು ಚೀಲಕ್ಕೆ ತುಂಬಿ, ಅಜ್ಜಿಯನ್ನು ಹುಡುಕಿಕೊಂಡು ಇಬ್ಬರೂ ಬಸ್‌ಸ್ಟ್ಯಾಂಡಿಗೆ ಓಡಿದೆವು. ಅಜ್ಜಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ವಾಪಸ್ ಕೇಳಿದರೆ ಒಪ್ಪಲಿಲ್ಲ. ಕೊಂಡಿದ್ದು ಕೊಂಡಿದ್ದೇ, ಅಂಥದ್ದೇನಿದೆ ಇದರಲ್ಲಿ ಎಂದರು.

"ಮಕ್ಕಳ ಭವಿಷ್ಯ ಇದೆ ಅಜ್ಜಿ," ಎಂದಳು ನಸೀಮಾ, ಏದುಸಿರು ಬಿಡುತ್ತ.

ಅಜ್ಜಿ ಬುಟ್ಟಿಯ ಒಳಗೆ ಇಣುಕಿ ನೋಡಿದರು. "ಹಂಗಾದ್ರೆ ಮೆಣಸಿನಕಾಯಿ ಹಾಕಕಾಗಕಿಲ್ಲ ಬುಡು," ಎಂದು ಕೊಟ್ಟೇಬಿಟ್ಟರು. ಬದಲಿಗೆ ಹೆಲ್ಮೆಟ್ ಬುಟ್ಟಿಯನ್ನು ಒಯ್ದರು.

ಸೋಮವಾರ ಬೆಳಿಗ್ಗೆ ಐದು ಬುಟ್ಟಿಗಳ ಸಮೇತ ಕುಣಿಗಲ್ಲಿಗೆ ಹೋದೆ. ಬಸ್ಸಿನಲ್ಲಿ ಯಜಮಾನರು ನನ್ನ ಪಕ್ಕದಲ್ಲೇ ಕೂತಿದ್ದರು, ಆದರೆ ಕಿಟಕಿಯ ಜೊತೆ ಪ್ರಯಾಣ ಮಾಡಿದರು. ಮುಖ್ಯೋಪಾಧ್ಯಾಯಿನಿ ಒಂದೊಂದೇ ಬುಟ್ಟಿಯನ್ನು ಬೆಳಕಿಗೆ ಹಿಡಿದು, ಕನ್ನಡಕ ಸರಿಮಾಡಿಕೊಂಡು ಓದಿದರು. ಒಂದರ ತಳದಲ್ಲಿ ತಪ್ಪು ಕಾಗುಣಿತ ಕಂಡು, ಕೈ ತಾನಾಗಿ ಕೆಂಪು ಪೆನ್ನಿನ ಕಡೆ ಹೋಗಿ ವಾಪಸ್ ಬಂತು. ಕಡೆಗೆ ತೀರ್ಪು ಹೇಳಿದರು: ಮೇಷ್ಟ್ರಿಗೆ ನೋಟಿಸ್ ಇಲ್ಲ. ಗುರುವಾರ ಮರುಪರೀಕ್ಷೆ. ಮಕ್ಕಳಿಗೆ ಕಾರಣ ಹೇಳಬೇಕಾದವರು ಮೇಷ್ಟ್ರಲ್ಲ, ಅವರ ಹೆಂಡತಿ.

ಒಂಬತ್ತನೇ ಬಿ ತರಗತಿಯ ಮುಂದೆ ನಿಂತು ಪರಿಸರ ಸಂರಕ್ಷಣೆಯಿಂದ ಮಾತು ಶುರುಮಾಡಿದೆ. ಬುಟ್ಟಿಗೆ ಬರುವ ಹೊತ್ತಿಗೆ ತರಗತಿ ಉರುಳಾಡಿ ನಗುತ್ತಿತ್ತು. ಮರುಪರೀಕ್ಷೆ ಎಂದ ತಕ್ಷಣ ನಗು ನಿಂತಿತು. ಎರಡನೇ ಬೆಂಚಿನಿಂದ ಎರಡು ಜಡೆಯ ಹುಡುಗಿಯೊಬ್ಬಳು ಎದ್ದಳು.

"ಮಿಸ್, ನಂದು ಯಾವ ಬುಟ್ಟಿ?"

ಅವಳ ಹೆಸರು ಸಹನಾ. ಯಾವಾಗಲೂ ಅರ್ಧ ಪುಟ ಬರೆದು ಎದ್ದುಹೋಗುವ ಹುಡುಗಿ ಈ ಸಲ ಎಕ್ಸ್‌ಟ್ರಾ ಶೀಟು ಕೇಳಿದ್ದಳೆಂದು ಯಜಮಾನರು ಆಮೇಲೆ ಹೇಳಿದರು. ಅವಳು ಮುಂದೆ ಬಂದು ಐದನ್ನೂ ತಿರುಗಿಸಿ, ಮಗುಚಿ, ಒಳಗೆ ಮುಖವಿಟ್ಟು ಹುಡುಕಿದಳು. ಬೇರೆಯವರ ಅಕ್ಷರ ಗುರುತಿಸಿದಳು. ತನ್ನದು ಸಿಗಲಿಲ್ಲ. ನನ್ನ ಕಡೆ ನೋಡಿದಳು. ಸುಳ್ಳು ಹೇಳಲು ಎಷ್ಟೋ ದಾರಿಯಿತ್ತು, ಆದರೆ ಆ ಮುಖ ನೋಡಿಕೊಂಡು ಒಂದೂ ಹೊಳೆಯಲಿಲ್ಲ. ಒಂದು ಬುಟ್ಟಿಯನ್ನು ಗುಬ್ಬಿಯಲ್ಲಿ ಹಸು ತಿಂದಿತು ಎಂದೆ.

ಸಹನಾ ಕೈಯಲ್ಲಿದ್ದ ಬುಟ್ಟಿಯನ್ನು ಮೇಜಿನ ಮೇಲಿಟ್ಟಳು. "ಪೂರ್ತಿ ತಿಂತಾ ಮಿಸ್?"

ಪೂರ್ತಿ ಎಂದೆ.

"ಹಸುಗಾದ್ರೂ ಇಷ್ಟ ಆಯ್ತಲ್ಲ," ಎಂದು ಹೋಗಿ ಕೂತಳು.

ಆ ಮಾತು ನನ್ನನ್ನು ಮೂರು ದಿನ ನಿಲ್ಲಲೂ ಬಿಡಲಿಲ್ಲ, ಕೂರಲೂ ಬಿಡಲಿಲ್ಲ. ಗುರುವಾರ ಯಾರೂ ಕರೆಯದಿದ್ದರೂ ಮತ್ತೆ ಕುಣಿಗಲ್ಲಿಗೆ ಹೋದೆ. ನಲವತ್ತೆರಡು ಮಕ್ಕಳಿಗೂ ಹೊಸ ಪೆನ್ನು, ಬಿಳಿ ಹಾಳೆ ಒಯ್ದಿದ್ದೆ. ನನ್ನನ್ನು ಕಂಡು ಮುಖ್ಯೋಪಾಧ್ಯಾಯಿನಿಗೆ ಕರುಣೆ ಬಂತೋ ಏನೋ, ಕೊಠಡಿಯಲ್ಲಿ ಮೇಲ್ವಿಚಾರಣೆಗೆ ಮೇಷ್ಟ್ರ ಜೊತೆ ನಿಂತಿರಿ ಎಂದರು. ನಾನು ಗಂಭೀರವಾಗಿ ಬೆಂಚುಗಳ ನಡುವೆ ಓಡಾಡಿದೆ. ಸಹನಾ ತಲೆ ಎತ್ತದೆ ಬರೆದಳು. ಎರಡು ಸಲ ಎಕ್ಸ್‌ಟ್ರಾ ಶೀಟು ತೆಗೆದುಕೊಂಡಳು. ನನ್ನ ಪಾಪ ಸ್ವಲ್ಪ ಕರಗಿದಂತಾಯಿತು.

ಗಂಟೆ ಹೊಡೆಯಿತು. ಅವಳ ಬೆಂಚಿನ ಪಕ್ಕದಲ್ಲೇ ಇದ್ದ ನಾನು ನಗುತ್ತಾ ಉತ್ತರಪತ್ರಿಕೆಗೆ ಕೈ ಚಾಚಿದೆ.

ಸಹನಾ ಹಾಳೆಗಳನ್ನು ಎದೆಗವಚಿಕೊಂಡಳು. "ಬೇಡ ಮಿಸ್. ಸಾರ್ ಕೈಗೇ ಕೊಡ್ತೀನಿ."

ಅವಳ ಹಿಂದೆ ಉಳಿದ ನಲವತ್ತೊಂದು ಮಕ್ಕಳೂ ನನ್ನನ್ನು ಸುತ್ತುಹಾಕಿಕೊಂಡು ಮೇಷ್ಟ್ರ ಮೇಜಿನ ಕಡೆ ಹೋದರು. ಚಾಚಿದ ಕೈಯನ್ನು ಬರಿದೇ ವಾಪಸ್ ತರಲು ನಾಚಿಕೆಯಾಯಿತು. ಕಿಟಕಿಯ ಚಿಲಕ ಸರಿಯಾಗಿ ಹಾಕಿದೆಯೇ ಎಂದು ಪರೀಕ್ಷಿಸುವವಳಂತೆ ಅದನ್ನು ಮುಟ್ಟಿ ನೋಡಿದೆ.

ಹಾಕಿತ್ತು.