ಬಲಗಡೆಯ ಹೂ

ಮನೆದೇವರು ತಮ್ಮ ವಿರುದ್ಧ ಪಿತೂರಿ ನಡೆಸುತ್ತಿದ್ದಾರೆಂಬ ಗುಮಾನಿ ವೃಷಭೇಂದ್ರಪ್ಪನವರಿಗೆ ಬಹಳ ದಿನಗಳಿಂದ ಇತ್ತು. ದೇವರೇ ಇಲ್ಲ ಎನ್ನುವವರಿಗೆ ಇಂಥ ಗುಮಾನಿ ಬರಬಾರದು, ನಿಜ. ಆದರೆ ಸ್ವಾಮಿ, ಚಾಮರಾಜಪುರಂನ ಆ ಮನೆಯಲ್ಲಿ ಒಂದು ವಾರ ಇದ್ದು ನೋಡಿ, ನಿಮಗೂ ಬರುತ್ತದೆ.

ಇವರು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಇವರ ಧರ್ಮಪತ್ನಿ ದಾಕ್ಷಾಯಣಮ್ಮನವರು ಸಮಸ್ತಕ್ಕೂ ವೀರಭದ್ರಸ್ವಾಮಿಯ ಹೂ ಕೇಳುವವರು. ಹಿತ್ತಾಳೆ ಮೂರ್ತಿಯ ಎರಡು ಭುಜಕ್ಕೂ ಒದ್ದೆ ಸೇವಂತಿಗೆ ಎಸಳು ಅಂಟಿಸಿ, ಪ್ರಶ್ನೆಯನ್ನು ಮನಸ್ಸಿನಲ್ಲೇ ಕೇಳಿ, ಕೈಮುಗಿದು ಕೂರುವುದು. ಬಲಗಡೆಯ ಎಸಳು ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಬೇಡ. ತವರಿನಿಂದ ತಾಯಿ ಬಂದು ಇರಲೇ? ಬಲಗಡೆ. ಯಜಮಾನರು ಇಸ್ಪೀಟಿಗೆ ಹೋಗಲೇ? ಎಡಗಡೆ. ಇಷ್ಟು ವರ್ಷಗಳಲ್ಲಿ ಸ್ವಾಮಿ ಒಂದು ಸಲವಾದರೂ ಗಂಡಸರ ಪಕ್ಷ ವಹಿಸಿದ್ದಿಲ್ಲ.

ಮೇಷ್ಟ್ರು ಸುಮ್ಮನಿರುವ ಆಸಾಮಿಯಲ್ಲ. ಹೆಂಡತಿ ಮಾರ್ಕೆಟ್ಟಿಗೆ ಹೋದಾಗ ದೇವರಮನೆಯಲ್ಲಿ ಗೋಲಿ ಉರುಳಿಸಿ ನೆಲ ಓರೆಯಿದೆಯೇ ಎಂದು ಪರೀಕ್ಷಿಸಿದ್ದರು. ಹೂ ಬೀಳುವ ಹೊತ್ತಿಗೆ ಸರಿಯಾಗಿ ಅವಳು ಕೆಮ್ಮುತ್ತಾಳೆಯೇ ಎಂದು ಬಾಗಿಲ ಸಂದಿಯಲ್ಲಿ ಕಾದಿದ್ದರು. (ಸಾಂಬ್ರಾಣಿ ಹೊಗೆಗೆ ಕೆಮ್ಮಿ ಸಿಕ್ಕಿಬಿದ್ದವರು ಇವರೇ.)

ಈಗ ಬಂದದ್ದು ಮಾತ್ರ ತಮಾಷೆಯ ಸಂಗತಿಯಲ್ಲ. ಮಗಳು ಗಿರಿಜಾಂಬಾ ಇಂಟರ್‌ಮೀಡಿಯೆಟ್ ಪಾಸು ಮಾಡಿ ಬಿ.ಎಸ್ಸಿ. ಓದುತ್ತೇನೆಂದು ಕೂತಿದ್ದಳು. ಅಪ್ಪನಿಗೂ ಅದೇ ಆಸೆ. ಅಮ್ಮ ಮಾತ್ರ ಇಲವಾಲದ ಸುಂದರೇಶ ಎಂಬ ವರನನ್ನು ನೋಡಿಟ್ಟಿದ್ದರು.

"ಸೋಮವಾರ ಈ ಮದುವೆಗೆ ಹೂ ಕೇಳ್ಬುಡ್ತೀನಿ," ಎಂದರು ದಾಕ್ಷಾಯಣಮ್ಮ.

"ಮಗಳ ಬಾಳನ್ನ ಒಂದು ಎಸಳಿನ ಕೈಗೆ ಕೊಡ್ತೀಯೇನೇ? ಬುದ್ಧಿಯಿಂದ ಯೋಚನೆ ಮಾಡು!"

"ನಿಮ್ಮ ಬುದ್ಧಿ ನಂಬ್ಕೊಂಡು ಬಾವಿಗೆ ಹೊಸಾ ಥರ ರಾಟೆ ಹಾಕ್ಸಿದ್ವಲ್ಲ, ಈಗ ಎಲ್ಲಿದೆ? ಬಾವಿಯೊಳಗೇ ಇದೆ!"

ಮೇಷ್ಟ್ರ ತಲೆಯಲ್ಲಿ ಆಗಲೇ ಒಂದು ದಿವ್ಯ ಆಲೋಚನೆ ಮಿಂಚಿತು.

"ಆಗಲಿ ಕಣೇ. ಆದ್ರೆ ಈ ಸಲ ಎಸಳು ನಾನೇ ಅಂಟಿಸ್ತೀನಿ. ಏನು ಬಂದ್ರೂ ಇಬ್ಬರೂ ಒಪ್ಕೋಬೇಕು."

ದಾಕ್ಷಾಯಣಮ್ಮನವರ ಕಣ್ಣು ತುಂಬಿ ಬಂತು. "ಅಂತೂ ಸ್ವಾಮಿ ನಿಮಗೆ ಒಳ್ಳೆ ಬುದ್ಧಿ ಕೊಟ್ಟ ಕಣ್ರೀ!"

ಸೋಮವಾರ ಬೆಳಿಗ್ಗೆ ಮೇಷ್ಟ್ರು ಸ್ನಾನ ಮಾಡಿ, ವಿಭೂತಿ ಧರಿಸಿ, ಅಡುಗೆಮನೆ ಹೊಕ್ಕು, ಬೆರಳ ತುದಿಗೆ ನೆನೆದ ಬೆಲ್ಲ ಹಚ್ಚಿಕೊಂಡು ದೇವರೆದುರು ಪ್ರತ್ಯಕ್ಷರಾದರು. (ಇದನ್ನು ಮೋಸ ಎನ್ನಬೇಡಿ. ಅವರ ಪ್ರಕಾರ ಇದು ವೈಜ್ಞಾನಿಕ ಮುನ್ನೆಚ್ಚರಿಕೆ.) ಬಲಗಡೆಯ ಎಸಳು ಬೀಳದಂತೆ ಅದಕ್ಕೆ ಬೆಲ್ಲ, ಎಡಗಡೆಯದಕ್ಕೆ ಬರೀ ನೀರು. ಮೂರ್ತಿಯ ಬಲವೇ ಹೊರತು ನೋಡುವವರ ಬಲವಲ್ಲ ಎಂಬುದನ್ನೂ ಖಾತ್ರಿ ಮಾಡಿಕೊಂಡರು. ದಾಕ್ಷಾಯಣಮ್ಮ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಕೇಳಿಕೊಂಡರು.

ಸ್ವಲ್ಪ ಹೊತ್ತಿಗೆ ಎಡಗಡೆಯ ಎಸಳು ಜಾರಿ ಬಿತ್ತು.

"ಎಡಗಡೆ! ನೋಡಿದ್ಯಾ, ನಿನ್ನ ದೇವರೇ ಬೇಡ ಅಂದುಬುಟ್ಟ!" ಎಂದು ಮೇಷ್ಟ್ರು ಕುಣಿಯುವುದೊಂದು ಬಾಕಿ. "ಇನ್ನು ಅಪ್ಪಣೆ ಮೀರೋ ಹಾಗಿಲ್ಲ!"

"ಮೀರಲ್ಲ ಬಿಡಿ," ಎಂದು ದಾಕ್ಷಾಯಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಮಗು ಊಟ ಬಿಟ್ಟು ಅಳ್ತಾ ಇತ್ತಲ್ಲ, ನನ್ನ ಕರುಳು ಚುರುಕ್ ಅಂತು. ಸುಂದರೇಶ ಹೋದ್ರೆ ಹೋಗ್ಲಿ ಅಂತ, 'ಕಾಲೇಜಿಗೆ ಕಳಿಸ್ಲಾ ಸ್ವಾಮಿ' ಅಂತ್ಲೇ ಕೇಳ್ದೆ. ಅವನೇ ಬೇಡ ಅಂದ್ಮೇಲೆ ನಾನೇನು ಮಾಡ್ಲಿ? ಇಲವಾಲಕ್ಕೆ ಹೇಳಿ ಕಳಿಸಿ."

ಬಾಗಿಲಲ್ಲಿ ನಿಂತಿದ್ದ ಗಿರಿಜಾ ಬಿಕ್ಕಿದಳು. ಮೇಷ್ಟ್ರು ಬಿದ್ದ ಎಸಳನ್ನು ಗಬಕ್ಕನೆ ಎತ್ತಿಕೊಂಡರು.

"ಅದು... ಅದು ಬರೀ ಗುರುತ್ವಾಕರ್ಷಣೆ ಕಣೇ!"

"ಈಗ ತಾನೇ ದೇವರು ಬೇಡ ಅಂದ ಅಂದ್ರಿ?"

ಮಗಳ ಮುಖ ನೋಡಿದ ಮೇಲೆ ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ಆ ಕಡೆ ಬೆಲ್ಲ ಹಚ್ಚಿದ್ದೆ," ಎಂದು ನೆಲ ನೋಡುತ್ತ ಒದರಿಬಿಟ್ಟರು. ದಾಕ್ಷಾಯಣಮ್ಮ ಬಲಗಡೆಯ ಎಸಳು ಕಿತ್ತರು, ಎಳೆ ಎಳೆಯಾಗಿ ಪಾಕ ಬಂತು.

"ಅಯ್ಯೋ ನಿಮ್ಮ! ಸ್ವಾಮಿಗೇ ಮೋಸಾನಾ? ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?"

ಆಮೇಲೆ ನಡೆದದ್ದು ಮರುಪರೀಕ್ಷೆ. ಮೂರ್ತಿಯನ್ನು ಹುಣಸೆಹಣ್ಣು ಹಾಕಿ ಉಜ್ಜಿದ್ದಾಯಿತು. ಮೇಷ್ಟ್ರ ಬೆರಳುಗಳನ್ನು ಒಂದೊಂದಾಗಿ ಮೂಸಿ ನೋಡಿದ್ದಾಯಿತು. ಅವರನ್ನು ದೂರ ಗೋಡೆಗೆ ಒರಗಿಸಿ ಕೂರಿಸಿ, ಎಸಳುಗಳನ್ನು ದಾಕ್ಷಾಯಣಮ್ಮನವರೇ ಅಂಟಿಸಿ, ಅದೇ ಪ್ರಶ್ನೆಯನ್ನು ಈ ಸಲ ಬಾಯಿ ಬಿಟ್ಟೇ ಕೇಳಿದರು.

ಎಸಳು ಅಲ್ಲಾಡಲೊಲ್ಲದು. ಮೇಷ್ಟ್ರು ತಮಗೇ ಗೊತ್ತಿಲ್ಲದೆ ಕೈ ಮುಗಿದುಕೊಂಡರು. "ಬಲಗಡೆ ಕೊಡಪ್ಪಾ ವೀರಭದ್ರಾ, ಮಗಳದೇನೂ ತಪ್ಪಿಲ್ಲ ಕಣಪ್ಪಾ," ಎಂದು ತುಟಿ ಮಣಮಣಿಸಿದವು.

ಬಲಗಡೆಯ ಎಸಳು ಬಿತ್ತು.

ಗಿರಿಜಾ ಹೋ ಎಂದು ಅಮ್ಮನನ್ನು ತಬ್ಬಿಕೊಂಡಳು. ಮೇಷ್ಟ್ರು ಉದ್ದಂಡ ನಮಸ್ಕಾರ ಹಾಕಿ ಮೇಲೆದ್ದು ನೋಡಿದರೆ, ದಾಕ್ಷಾಯಣಮ್ಮ ಆ ಎಸಳನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸುತ್ತಿದ್ದರು.

"ಮಗು ಕಾಲೇಜಿಗೆ ಹೋಗ್ಲಿ, ಅದು ಸ್ವಾಮಿ ಅಪ್ಪಣೆ," ಎಂದರು. "ಆದ್ರೂ ಕೇಳ್ತೀನಿ. ಅಲ್ಲಿಂದ್ಲೇ ನೀವು ಊದ್ಲಿಲ್ಲ ತಾನೇ?"

"ಇಲ್ಲ ಕಣೇ! ದೇವರಾಣೆಗೂ ಇಲ್ಲ!"

ದಾಕ್ಷಾಯಣಮ್ಮ ಗಂಡನ ಮುಖವನ್ನೊಮ್ಮೆ ಮೇಲಿನಿಂದ ಕೆಳಕ್ಕೆ ನೋಡಿದರು.

"ಯಾವ ದೇವರು? ಇಲ್ಲ ಅಂತೀರಲ್ಲ, ಅವನಾ?"