ಮುಟ್ಟಿತೋ ಇಲ್ಲವೋ ಎಂಬ ಕಾಲಮ್ಮು

ನಮ್ಮ ಮಾಮಾನಿಗೆ ಕಂಪ್ಯೂಟರ್ ಅರ್ಥವಾಗುತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಕಂಪ್ಯೂಟರಿಗೇ ನಮ್ಮ ಮಾಮಾ ಅರ್ಥವಾಗಿರಲಿಲ್ಲ. ಅವರಿಬ್ಬರ ನಡುವೆ ಸಿಕ್ಕಿಕೊಂಡು ಎರಡು ವರ್ಷ ಒದ್ದಾಡಿದವಳು ನಾನು. ಇಬ್ಬರಲ್ಲಿ ಯಾರದು ಸರಿ ಎಂದು ಕೇಳಿದರೆ ನನಗೆ ಈಗಲೂ ಗೊಂದಲವೇ.

ಮಾಮಾ ಅಂದರೆ ನನ್ನ ಅವ್ವನ ತಮ್ಮ. ಹುಬ್ಬಳ್ಳಿಯ ತಂತಿ ಕಚೇರಿಯಲ್ಲಿ ಮೂವತ್ತು ವರ್ಷ ಕಟ್ ಕಡ ಕಟ್ ಎಂದು ಟೆಲಿಗ್ರಾಂ ಕಳಿಸಿ ನಿವೃತ್ತನಾದವನು. ಯಾರ ಮನೆಯಲ್ಲಿ ಹುಟ್ಟು, ಯಾರ ಮನೆಯಲ್ಲಿ ಸಾವು, ಯಾರ ಸೊಸೆ ಯಾವ ರೈಲಿಗೆ ಬರುತ್ತಾಳೆ, ಎಲ್ಲವೂ ಆ ಮನೆಯವರಿಗಿಂತ ಮೊದಲು ಇವನಿಗೆ ಗೊತ್ತು. ಆದರೆ ಬಾಯಿಂದ ಒಂದು ಅಕ್ಷರ ಹೊರಬೀಳುತ್ತಿರಲಿಲ್ಲ. ಹೆಂಡತಿ ಮಕ್ಕಳಿಲ್ಲದವನು, ಉಣಕಲ್ಲಿನ ನಮ್ಮ ಮನೆಯಲ್ಲೇ ಇದ್ದ. ಕೆಲಸ ಬಿಟ್ಟ ಮೇಲೂ ಊಟದ ಹೊತ್ತಿಗೆ ಬೆರಳಿನಿಂದ ತಾಟಿನ ಅಂಚು ಬಡಿಯುತ್ತಿದ್ದ. ಎರಡು ಸಣ್ಣ ಬಡಿತ, ಒಂದು ಉದ್ದ ಬಡಿತ ಎಂದರೆ ಇನ್ನೊಂದು ರೊಟ್ಟಿ ಬೇಕು ಎಂದರ್ಥ. ಅವ್ವ ಅದನ್ನೂ ಕಲಿತಿದ್ದಳು.

ಎರಡು ಸಾವಿರದ ಎಂಟರ ಸುಮಾರಿಗೆ ನಾನು ಗೋಕುಲ ರಸ್ತೆಯಲ್ಲಿ ಪಂಪಿನ ಅಂಗಡಿಯೊಂದರ ಮೇಲಿನ ಕೋಣೆ ಹಿಡಿದು ಕಚೇರಿ ತೆರೆದೆ. ಜನ ಇಂಟರ್ನೆಟ್ಟಿನಲ್ಲಿ ಏನನ್ನೋ ಹುಡುಕಿದಾಗ ಮಗ್ಗುಲಲ್ಲೇ ನಮ್ಮ ಗಿರಾಕಿಯ ಜಾಹೀರಾತು ಕಾಣುವಂತೆ ಮಾಡುವುದು ನನ್ನ ಕೆಲಸ. ಯಾರಾದರೂ ಅದನ್ನು ಒತ್ತಿದರೆ ಮಾತ್ರ ಗಿರಾಕಿಗೆ ಖರ್ಚು. ಇದನ್ನು ಹುಬ್ಬಳ್ಳಿಯಲ್ಲಿ ಯಾರಿಗೆ ವಿವರಿಸಿದರೂ 'ಭಾಳ ಛಲೋ ಅದ' ಎಂದು ಚಹಾ ಕುಡಿಸಿ ಕಳಿಸುತ್ತಿದ್ದರು. ಕೊನೆಗೂ ಒಪ್ಪಿದವರು ಒಬ್ಬರೇ, ಬೆಂಗೇರಿಯ ಗಾದಿ ಕಾರ್ಖಾನೆಯ ಸಾವ್ಕಾರರು. ಅವರದೊಂದು ಷರತ್ತು. ಜನ ಯಾವ ಯಾವ ಶಬ್ದ ಹುಡುಕಿ ತಮ್ಮ ಗಾದಿಯ ಜಾಹೀರಾತು ಕಂಡರು ಎಂಬ ಪಟ್ಟಿ ಪ್ರತಿ ಸೋಮವಾರ ಮುಂಜಾನೆ ಸ್ಪ್ರೆಡ್‌ಶೀಟಿನಲ್ಲಿ ಅವರಿಗೆ ಮುಟ್ಟಬೇಕು. ಎರಡು ಸಲ ತಪ್ಪಿದರೆ ಕೆಲಸ ಬಂದ್. ಅವರು ಹೋದರೆ ನನ್ನ ಕಚೇರಿಗೆ ಬೀಗ ಬೀಳುತ್ತಿತ್ತು. ಬೀಗ ಬೀಳುವುದನ್ನೇ ಕಾಯುತ್ತ ಅವ್ವ ಮನೆಯಲ್ಲಿ ನಾಲ್ಕು ಗಂಡುಗಳ ಫೋಟೋ ಇಟ್ಟುಕೊಂಡಿದ್ದಳು.

ಒಬ್ಬಳೇ ಸಂಭಾಳಿಸಲಾಗದೆ ಮಾಮಾನನ್ನು ಕರೆದುಕೊಂಡು ಹೋದೆ. ಪರದೆಯ ಮೇಲಿನ ಪಟ್ಟಿ ತೋರಿಸಿದೆ. 'ಗಾದಿ ಹುಬ್ಬಳ್ಳಿ', 'ಕಾಟನ್ ಗಾದಿ ಡಬಲ್', 'ಬೆನ್ನು ನೋವು ಗಾದಿ'. ಎಲ್ಲ ಇಂಗ್ಲಿಷ್ ಅಕ್ಷರದಲ್ಲಿ ಜನ ಬರೆದ ಕನ್ನಡ. ಮಾಮಾ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದ.

"ಇವು ತಂತಿ ಅಲ್ಲೇನವಾ?"

"ತಂತಿ ಅಲ್ಲ ಮಾಮಾ. ಜನಾ ಹುಡುಕಿದ ಶಬ್ದ."

"ಕ್ರಿಯಾಪದ ಇಲ್ಲ, ನಮಸ್ಕಾರ ಇಲ್ಲ, ಶಬ್ದಕ್ಕ ಇಷ್ಟು ಅಂತ ರೊಕ್ಕ. ತಂತಿ ಅಲ್ಲದ ಮತ್ತೇನಿದು?"

ಅಂದಿನಿಂದ ನಮ್ಮ ಕಚೇರಿ ತಂತಿ ಮನೆಯಾಯಿತು.

ತಂತಿ ಮನೆಗೊಂದು ಪದ್ಧತಿಯಿದೆ. ಬಂದ ಸುದ್ದಿಯನ್ನು ಕೈಯಿಂದ ಬರೆದುಕೊಳ್ಳಬೇಕು, ಗಟ್ಟಿಯಾಗಿ ವಾಪಸ್ ಓದಬೇಕು, ಆಮೇಲೆಯೇ ಅದು ಖರೆ. ಹಾಗಾಗಿ ನಾನು ಪರದೆ ನೋಡಿ ಓದುವುದು, ಮಾಮಾ ಕಾಗದದ ಮೇಲೆ ಬರೆದುಕೊಂಡು ವಾಪಸ್ ಹೇಳುವುದು, ನಾನು ಅದನ್ನು ಶೀಟಿನಲ್ಲಿ ಟೈಪು ಮಾಡುವುದು. "ಗಾದಿ ಹುಬ್ಬಳ್ಳಿ, ಹನ್ನೊಂದು." "ಗಾದಿ ಹುಬ್ಬಳ್ಳಿ, ಹನ್ನೊಂದು, ಮುಂದ." ನಲವತ್ತು ಸಾಲಿಗೆ ಒಂದು ಶನಿವಾರ ಪೂರ್ತಿ ಹೋಯಿತು. ಸಂಜೆ ಕೆಳಗಿನ ಪಂಪಿನ ಅಂಗಡಿಯವರು ಮೆಟ್ಟಿಲು ಹತ್ತಿ ಬಂದು ಇಣುಕಿದರು. "ಇಲ್ಲೇನು ಗಾದಿ ಹರಾಜ ನಡದೈತೇನ್ರಿ? ನಮಗೂ ಒಂದು ಬೇಕಾಗಿತ್ತು."

ಶೀಟಿನಲ್ಲಿದ್ದದ್ದು ನಾಲ್ಕು ಕಾಲಮ್ಮು: ಹುಡುಕಿದ ಶಬ್ದ, ದಿನಾಂಕ, ಎಷ್ಟು ಸಲ ಕಂಡಿತು, ಎಷ್ಟು ಸಲ ಒತ್ತಿದರು. ಮಾಮಾ ಐದನೆಯದೊಂದು ಹಾಕಿಸಿದ. ಅದರ ತಲೆಯ ಮೇಲೆ 'ಮುಟ್ಟಿತೋ ಇಲ್ಲವೋ' ಎಂದು ಬರೆಸಿದ.

"ಇದೇನು ಮಾಮಾ?"

"ಅವರು ಕೇಳಿದ್ದು ಅವರಿಗೆ ಸಿಕ್ಕಿತೋ ಇಲ್ಲೋ ಅಂತ ನೋಡೂದು ಬ್ಯಾಡೇನು?"

"ಅದು ಮಷಿನ್ನಿಗೆ ಗೊತ್ತಾಗೂದಿಲ್ಲ."

"ಹಂಗಾರ ಮಷಿನ್ನು ಅರ್ಧಾ ಕೆಲಸಾ ಮಾಡಿ ಪೂರಾ ಪಗಾರ ತೊಗೊಳಾಕತ್ತದ."

ಆ ಕಾಲಮ್ಮಿನಲ್ಲಿ ವಾರವಾರವೂ ಪ್ರತಿ ಸಾಲಿಗೆ 'ಗೊತ್ತಿಲ್ಲ' ಎಂದು ಬೀಳುತ್ತ ಹೋಯಿತು. ಸಾವ್ಕಾರರಿಗೆ ಕಳಿಸುವ ಮುಂಚೆ ನಾನು ಅದನ್ನು ಗುಟ್ಟಾಗಿ ತೆಗೆಯುತ್ತಿದ್ದೆ.

ಶನಿವಾರಗಳು ಹೀಗೆ ಕರಗುವುದನ್ನು ನೋಡಲಾಗದೆ ಒಂದು ವಾರ ಮಾಮಾನಿಗೆ ಹೇಳದೆ ಪರದೆಯ ಪಟ್ಟಿಯನ್ನು ಎತ್ತಿ ನೇರವಾಗಿ ಶೀಟಿನಲ್ಲಿ ಅಂಟಿಸಿದೆ. ಶಬ್ದ, ದಿನಾಂಕ, ಅಂಕಿ ಎಲ್ಲವೂ ಒಂದೇ ಕಾಲಮ್ಮಿನಲ್ಲಿ ಹಬ್ಬದ ದಿನದ ಸಿಟಿ ಬಸ್ಸಿನ ಹಾಗೆ ತುಂಬಿಕೊಂಡವು. ನೋಡದೆ ಕಳಿಸಿಬಿಟ್ಟೆ. ಸೋಮವಾರ ಸಾವ್ಕಾರರ ಫೋನು ಬಂತು. "ಮೇಡಂ, ಇದನ್ನ ಓದೂದು ಹೆಂಗರಿ? ಇರ್ಲಿ, ಒಂದ ಸಲ ಆತು." ಇನ್ನುಳಿದದ್ದು ಒಂದೇ ಸಲ.

ಮುಂದಿನ ವಾರ ಜಾಣಳಾದೆ. ಪಟ್ಟಿಯನ್ನು ಫೈಲಿನ ರೂಪದಲ್ಲೇ ಇಳಿಸಿಕೊಂಡು ಶೀಟಿನಲ್ಲಿ ತೆರೆದೆ. ಪ್ರತಿಯೊಂದೂ ತನ್ನ ತನ್ನ ಕಾಲಮ್ಮಿನಲ್ಲಿ ಶಿಸ್ತಾಗಿ ಕೂತಿತ್ತು. ಮಾಮಾ ಮಾತ್ರ ಬಿಡಲಿಲ್ಲ. "ವಾಪಸ್ ಓದವಾ." ಸಿಟ್ಟಿನಿಂದಲೇ ಓದಿದೆ. "ಮೇ ಆರು, ಗಾದಿ ಹುಬ್ಬಳ್ಳಿ, ಒಂಬತ್ತು."

"ತಡಿ. ಮೇ ಆರಕ್ಕ ಈ ಸಾವ್ಕಾರರ ಕೆಲಸಾನ ನಿನಗ ಸಿಕ್ಕಿದ್ದಿಲ್ಲ. ಅವತ್ತು ನಾವು ನಿಮ್ಮ ದೊಡ್ಡವ್ವನ ಮಗನ ಲಗ್ನದಾಗ ಬುಂದೆ ತಿನ್ನಾಕತ್ತಿದ್ದಿವಿ."

ನೋಡಿದರೆ ಖರೆ. ಐದನೆಯ ತಾರೀಖು, ಆರನೆಯ ತಿಂಗಳು ಎಂದಿದ್ದದ್ದನ್ನು ಶೀಟು ತಿರುಗಾಮುರುಗಾ ಮಾಡಿ ಜೂನ್ ಐದನ್ನು ಮೇ ಆರು ಮಾಡಿತ್ತು. ಇಡೀ ಪಟ್ಟಿ ತಪ್ಪು. ಹಾಗೇ ಹೋಗಿದ್ದರೆ ಮಂಗಳವಾರ ಬೀಗ, ಬುಧವಾರ ಗಂಡು ನೋಡುವ ಶಾಸ್ತ್ರ! ಮಾಮಾನ ಬುಂದೆ ನನ್ನನ್ನು ಉಳಿಸಿತು.

ಉಳಿಸಿದವನೇ ಮುಳುಗಿಸುವವನಿದ್ದ. ಬರಬರುತ್ತ ಒಂದು ವಿಚಿತ್ರ ಕಂಡಿತು. ಭಾನುವಾರ ಬಿಟ್ಟು ದಿನಾ ಯಾರೋ ಒಬ್ಬರು 'ಗಾದಿ ಹುಬ್ಬಳ್ಳಿ' ಎಂದು ಹುಡುಕಿ ಜಾಹೀರಾತು ಒತ್ತುತ್ತಿದ್ದರು. ಸಾವ್ಕಾರರಿಗೆ ಹಿಗ್ಗೋ ಹಿಗ್ಗು. "ಯಾರೋ ದೊಡ್ಡ ಹೋಟೆಲಿನವರ ಇರಬೇಕ್ರಿ, ದಿನಾ ಬಂದು ನೋಡಾಕತ್ತಾರ" ಎಂದು ಹತ್ತು ಗಾದಿ ಹೊಲಿಸಿ ತಯಾರಿಟ್ಟರು. ನಾನೂ ಹಿಗ್ಗಿದೆ. ಒಂದು ಮುಂಜಾನೆ ಕಚೇರಿಗೆ ಬೇಗ ಹೋದೆ. ಮಾಮಾ ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಅಕ್ಷರ ಹುಡುಕಿ 'ಗಾದಿ ಹುಬ್ಬಳ್ಳಿ' ಟೈಪು ಮಾಡುತ್ತಿದ್ದ. ಮಾಡಿ, ಜಾಹೀರಾತು ಒತ್ತಿದ.

"ಏನ ಮಾಡಾಕತ್ತೀ ಮಾಮಾ?"

"ಲೈನ್ ಟೆಸ್ಟ್. ಮುಂಜಾನೆ ಲೈನ್ ಟೆಸ್ಟ್ ಮಾಡದ ಯಾವ ತಂತಿ ಮನಿ ಸುರೂ ಆಗತದವಾ?"

ದೊಡ್ಡ ಹೋಟೆಲಿನವರು ನಮ್ಮ ಮಾಮಾ. ಒತ್ತಿದಾಗೊಮ್ಮೆ ಸಾವ್ಕಾರರ ರೊಕ್ಕ ಹೋಗುತ್ತದೆ ಎಂದು ಅವನಿಗೆ ಬಿಡಿಸಿ ಹೇಳಿದೆ. ಸಾವ್ಕಾರರಿಗೆ ಇದನ್ನು ಹೇಳಬೇಕೋ ಮುಚ್ಚಿಡಬೇಕೋ ಎಂದು ನಾನು ಗೊಂದಲದಲ್ಲಿದ್ದಾಗ ಅವನು ಆಗಲೇ ಚಪ್ಪಲಿ ಮೆಟ್ಟಿದ್ದ. ಬೆಂಗೇರಿಗೆ ಹೋಗಿ ಸಾವ್ಕಾರರ ಮುಂದೆ ಕೂತು, "ತಪ್ಪು ನಂದರಿ, ಆ ಹುಡಿಗಿದಲ್ಲ" ಎಂದ. ಬೆನ್ನಿಗೇ ಹೋಗಿದ್ದ ನಾನು ಅವನ ತೋಳು ಜಗ್ಗಿದೆ. ಅಷ್ಟಕ್ಕೇ ನಿಲ್ಲಿಸಬೇಕೋ ಬೇಡವೋ? ಪಟ್ಟಿ ಬಿಚ್ಚಿ ಒಂದು ಸಾಲಿನ ಮೇಲೆ ಬೆರಳಿಟ್ಟ.

"ನಂದು ಬಿಡ್ರಿ, ಸುಳ್ಳು ತಂತಿ. ಇದು ಖರೇ ತಂತಿ. ಇದಕ್ಕೇನು ಹೇಳತೀರಿ?"

'ಹಾಸಿಗೆ ಹಿಡಿದವರಿಗೆ ಬೆನ್ನು ಹುಣ್ಣು ಆಗದ ಗಾದಿ' ಎಂದಿತ್ತು. ಒಂದೇ ತಿಂಗಳಲ್ಲಿ ಏಳು ಸಲ. ಒಬ್ಬರೂ ಜಾಹೀರಾತು ಒತ್ತಿರಲಿಲ್ಲ.

"ಅಂಥಾ ಗಾದಿ ನಾವು ಮಾಡೂದಿಲ್ಲಲ್ರಿ," ಎಂದರು ಸಾವ್ಕಾರರು.

"ಮಾಡೂದಿಲ್ಲಂತನ ಅವರು ಇನ್ನೂ ಕೇಳಾಕತ್ತಾರ್ರಿ."

ಸಾವ್ಕಾರರು ಪಟ್ಟಿ ಹತ್ತಿರ ಎಳೆದುಕೊಂಡು ಆ ಸಾಲನ್ನು ತಾವೇ ಗಟ್ಟಿಯಾಗಿ ಓದಿದರು. ಆಮೇಲೆ ಚಹಾ ತರಿಸಿದರು. ತಿಂಗಳೊಪ್ಪತ್ತಿನಲ್ಲಿ ಮೂರು ತುಂಡಿನ ಗಾದಿ ತಯಾರಾಯಿತು. ಮಲಗಿದವರನ್ನು ಎಬ್ಬಿಸದೆ ಒಂದೊಂದೇ ತುಂಡು ತೆಗೆದು ಬಿಸಿಲಿಗೆ ಹಾಕಬಹುದು, ಬೆನ್ನಿನ ಕೆಳಗಿನ ತುಂಡು ಮೆತ್ತಗೆ. ಅದಕ್ಕೊಂದು ಜಾಹೀರಾತು ನಾನೇ ಬರೆದೆ. ಕೆಲಸ ಉಳಿಯಿತು.

ಎರಡನೆಯ ವರ್ಷ ಗೆಳತಿಯೊಬ್ಬಳು ಒಂದು ಪ್ರೋಗ್ರಾಂ ಬರೆದುಕೊಟ್ಟಳು. ನಾವು ಎದ್ದು ಮುಖ ತೊಳೆಯುವುದರೊಳಗೆ ಪಟ್ಟಿ ತಾನಾಗಿ ಬಂದು ಶೀಟಿನಲ್ಲಿ ಕೂಡುತ್ತಿತ್ತು. ದಿನಾಂಕ ಸರಿ, ಅಂಕಿ ಸರಿ. ಆದರೆ ಅದಕ್ಕೆ ಗೊತ್ತಿದ್ದದ್ದು ನಾಲ್ಕೇ ಕಾಲಮ್ಮು. ಐದನೆಯದರಲ್ಲಿ ಮಾಮಾ ಸಂಜೆ ಬರೆದದ್ದು ಮುಂಜಾನೆ ಅಳಿಸಿಹೋಗಿರುತ್ತಿತ್ತು.

"ನಾ ಬರದದ್ದನ್ನ ಯಾರು ಅಳಸಾಕತ್ತಾರವಾ?"

"ಕರೆಂಟ್ ಹೋಗಿತ್ತು ಮಾಮಾ" ಎಂದೆ. ನಾಲ್ಕು ದಿನ ಅದನ್ನೇ ಹೇಳಿದೆ. ಐದನೆಯ ದಿನ ಅವನು ಕೇಳಲಿಲ್ಲ. ಬರೆಯಲೂ ಇಲ್ಲ. ಮರುವಾರದಿಂದ ಮೊಣಕಾಲು ನೋವು ಎಂದು ಕಚೇರಿಗೆ ಬರುವುದನ್ನೇ ಬಿಟ್ಟ. ಸುಳ್ಳು ಯಾಕೆ ಹೇಳಲಿ, ನನಗೆ ಹಗುರವೆನಿಸಿತು. ಶನಿವಾರ ಅರ್ಧ ದಿನ ಮಲಗಿದೆ.

ಆ ವರ್ಷ ದೀಪಾವಳಿ ಆದಮೇಲೆ ಮಾಮಾನಿಗೆ ಲಕ್ವ ಹೊಡೆಯಿತು. ಎಡಗಡೆ ಪೂರ್ತಿ ಬಿದ್ದುಹೋಯಿತು, ಮಾತು ತೊದಲಿತು. ಮೂರನೆಯ ವಾರ ಮೈ ಒರೆಸುವಾಗ ಅವ್ವ ಬೆನ್ನು ತೋರಿಸಿದಳು. ಕೆಂಪಾಗಿ ಚರ್ಮ ಸುಲಿಯುತ್ತಿತ್ತು. ನಾನು ಕಚೇರಿಗೆ ಹೋದೆ. ಏನು ಮಾಡಬೇಕು, ಯಾರನ್ನು ಕೇಳಬೇಕು, ಏನೂ ತೋಚಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ಟೈಪು ಮಾಡಿದೆ: ಹಾಸಿಗೆ ಹಿಡಿದವರಿಗೆ ಬೆನ್ನು ಹುಣ್ಣು ಆಗದ ಗಾದಿ. ಸಾವ್ಕಾರರಿಗೆ ಒಂದು ಫೋನು ಮಾಡಿದ್ದರೆ ಸಾಕಿತ್ತು. ಅದು ನೆನಪಿಗೇ ಬರಲಿಲ್ಲ. ಪರದೆಯ ಮೇಲೆ ಬಂತು ನೋಡಿ, ನಾನೇ ಬರೆದ ಜಾಹೀರಾತು: 'ಮೂರು ತುಂಡಿನ ಗಾದಿ, ಬೆಂಗೇರಿ.' ಆ ಏಳು ಸಲ ಕೇಳಿದವರು ಹೀಗೇ ಕೂತಿದ್ದರೇನೋ ಎಂದು ಆಗ ಹೊಳೆಯಿತು. ಅಳುತ್ತಲೇ ಒತ್ತಿ, ತೆರೆದ ಪುಟದಲ್ಲಿ ಮನೆಯ ವಿಳಾಸ ತುಂಬಿದೆ. ಸಂಜೆಯೊಳಗೆ ಸಾವ್ಕಾರರ ಟೆಂಪೋ ಉಣಕಲ್ಲಿಗೆ ಬಂತು.

ಮುಂದಿನ ಶನಿವಾರ ಪ್ರೋಗ್ರಾಂ ನಿಲ್ಲಿಸಿದೆ. ಲ್ಯಾಪ್‌ಟಾಪ್ ಹಿಡಿದು ಮಾಮಾನ ಹಾಸಿಗೆಯ ಪಕ್ಕ ಕೂತು, ಮೊದಲಿನ ಹಾಗೆ ಒಂದೊಂದೇ ಸಾಲು ಗಟ್ಟಿಯಾಗಿ ಓದಿ ಟೈಪು ಮಾಡುತ್ತ ಹೋದೆ. ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ. ಆ ಸಾಲು ಬಂತು.

"ಹಾಸಿಗೆ ಹಿಡಿದವರಿಗೆ ಬೆನ್ನು ಹುಣ್ಣು ಆಗದ ಗಾದಿ. ಒಂದು ಸಲ ಕಂಡದ. ಒಂದು ಸಲ ಒತ್ಯಾರ."

ಮಾಮಾ ಕಣ್ಣು ತೆರೆದ. "ಯಾ... ಊರು?"

"ಉಣಕಲ್, ಮಾಮಾ."

ಅವನು ನನ್ನನ್ನೇ ನೋಡಿದ. ಬಲಗೈ ಗಾದಿಯ ಅಂಚಿನ ಹೊಲಿಗೆಯ ಮೇಲೆ ಮೆಲ್ಲಗೆ ಆಡಿತು. ಆಮೇಲೆ ಒಂದೊಂದೇ ಅಕ್ಷರ ಎಳೆದು ಹೇಳಿದ.

"ಮು... ಟ್ಟಿತು. ಬರಿ."

ಐದನೆಯ ಕಾಲಮ್ಮಿನಲ್ಲಿ ಬರೆದೆ. ಆ ಶಬ್ದ ಅಲ್ಲಿ ಬಿದ್ದದ್ದು ಅದೇ ಮೊದಲು. ಪರದೆ ಕಾಣಲೆಂದು ನಾನು ಕಣ್ಣು ಒರೆಸಿಕೊಳ್ಳುತ್ತಿದ್ದಾಗ ಮಾಮಾ ಬೆರಳಿನಿಂದ ಮಂಚದ ಅಂಚು ಬಡಿದ.

"ವಾಪಸ್... ಓದವಾ."

ಓದಿದೆ.