ಅತ್ತೆಯ ಸಾಕೆಟ್ಟುಗಳು

ನನ್ನ ಸೋದರತ್ತೆ ಮನುಷ್ಯರ ಮಾತಿಗಿಂತ ಯಂತ್ರಗಳ ಮಾತನ್ನೇ ಹೆಚ್ಚು ತಾಳ್ಮೆಯಿಂದ ಕೇಳುತ್ತಾರೆ ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ಆದರೆ ಅವರ ಕೈಕೆಳಗೆ ಮೂರು ವರ್ಷ ದುಡಿದವನು ನಾನು. ನಗುವ ಹಕ್ಕು ನಿಮಗಿಂತ ನನಗೇ ಹೆಚ್ಚು!

ಜೋಗೇಶ್ವರಿಯಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಸಣ್ಣ ಕಾರ್ಖಾನೆಯಲ್ಲಿ ನಮ್ಮಿಬ್ಬರ ಕೆಲಸ. ಅಲ್ಲಿನ ಯಂತ್ರಗಳು 'ಕಾಗದ ಮುಗಿಯಿತು', 'ಬಿಸಿಯಾಯಿತು' ಎಂದು ಕಳಿಸುವ ಸಂದೇಶಗಳನ್ನು ಒಂದು ಕಂಪ್ಯೂಟರ್ ಪಡೆದುಕೊಳ್ಳಬೇಕು. ಆ ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ಬರೆಯುವವರು ಅತ್ತೆ. ಸಂದೇಶ ಒಳಬರುವ ಬಾಗಿಲಿಗೆ ಸಾಕೆಟ್ ಎಂದು ಹೆಸರು. "ಇನ್ನೂ ಎರಡು ಸಾಕೆಟ್ ಬೇಕು" ಎಂದು ಅತ್ತೆ ಮಾಲೀಕರ ಹತ್ತಿರ ಹೇಳಿದ್ದೇ ತಡ, ಮಧ್ಯಾಹ್ನದೊಳಗೆ ಎಲೆಕ್ಟ್ರಿಷಿಯನ್ ಡ್ರಿಲ್ ಹಿಡಿದು ಹಾಜರ್!

"ಮೇಡಮ್, ಕಿಧರ್ ಲಗಾನೇ ಕಾ?" ಎಲ್ಲಿ ಹಾಕಬೇಕೆಂದು ಕೇಳಿದ.

ಅತ್ತೆ ಕಂಪ್ಯೂಟರಿನ ಪರದೆ ತೋರಿಸಿ, "ಇಸ್ಕೇ ಅಂದರ್", ಇದರೊಳಗೇ, ಎಂದರು. ಪಾಪ, ಅವನು ಚಹಾ ಕೂಡ ಕುಡಿಯದೆ ಓಡಿದ.

ಸಂದೇಶ ಬರುವ ಮೊದಲು ಕಂಪ್ಯೂಟರಿನ ನೆನಪಿನಲ್ಲಿ ಖಾಲಿ ಜಾಗ ಸಿದ್ಧ ಮಾಡಬೇಕು, ಓದಿದ ಮೇಲೆ ಆ ಜಾಗ ಬಿಡಿಸಬೇಕು. ನಾನು ಎರಡನೆಯದನ್ನು ಮರೆತೆ. ಸಂಜೆಯ ಹೊತ್ತಿಗೆ ಕಂಪ್ಯೂಟರ್ ಹೊಟ್ಟೆ ಉಬ್ಬಿ ನಿಂತೇಹೋಯಿತು.

"ಉಂಡವರ ಎಲೆ ತೆಗೀದೆ ಮುಂದಿನ ಪಂಕ್ತಿ ಕೂರಿಸ್ತಿಯಾ ಮಾರಾಯ?" ಎಂದರು ಅತ್ತೆ. ಉಡುಪಿ ಬಿಟ್ಟು ಮೂವತ್ತು ವರ್ಷವಾದರೂ ಬೈಗುಳ ಮಾತ್ರ ಅಲ್ಲಿಯದೇ!

ಇನ್ನೊಮ್ಮೆ, ಎರಡು ಸೆಕೆಂಡಿನಲ್ಲಿ ಸಂದೇಶ ಬರದಿದ್ದರೆ ಕಾಯುವುದು ಬೇಡ ಎಂದು ಬರೆದುಬಿಟ್ಟೆ. ಅತ್ತೆ ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಲೋಕಲ್ ಟ್ರೇನಿಗೆ ಹತ್ತು ನಿಮಿಷ ಕಾಯ್ತಿ. ಇದಕ್ಕೆ ಎರಡೇ ಸೆಕೆಂಡಾ? ಅದಕ್ಕೆ ಹೇಳ್ಲಿಕ್ಕೆ ಎಂತದೋ ಕಷ್ಟ ಉಂಟೋ ಏನೋ. ಕಾಯಿ."

ಕಾಯುವುದರಲ್ಲಿ ಅತ್ತೆಯನ್ನು ಮೀರಿಸುವವರು ಯಾರಿದ್ದಾರೆ? ಆರು ವರ್ಷದಿಂದ ಅವರು ಒಡಹುಟ್ಟಿದ ತಮ್ಮನ, ಅಂದರೆ ನನ್ನ ಅಪ್ಪನ, ಒಂದು ಮಾತಿಗಾಗಿ ಕಾಯುತ್ತಿದ್ದರು. ನನ್ನ ಅಕ್ಕನ ಮದುವೆಯ ದಿನ ಕಾರ್ಖಾನೆಯಲ್ಲಿ ಯಂತ್ರ ಕೆಟ್ಟು, ಅತ್ತೆ ಮಂಟಪಕ್ಕೆ ಬರುವಷ್ಟರಲ್ಲಿ ಮುಹೂರ್ತ ಮುಗಿದಿತ್ತು. ಅಪ್ಪ ಎಲ್ಲರೆದುರು, "ನೀನು ಯಂತ್ರದ ಮನೆಯಲ್ಲೇ ಇರು, ನಮ್ಮ ಮನೆಗೆ ಬರಬೇಡ" ಎಂದುಬಿಟ್ಟರು. ಅತ್ತೆ ಊಟ ಮಾಡದೆ ದಹಿಸರಿನ ತಮ್ಮ ಒಂಟಿ ಮನೆಗೆ ಮರಳಿದರು. ಅಂದಿನಿಂದ ಮಾತಿಲ್ಲ.

ಮಾತಿಲ್ಲ ಅಂದೆನೇ? ನನ್ನ ಮೂಲಕ ಇತ್ತು! ಬಾಂದ್ರಾದ ತಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತು ಅಪ್ಪ ಕೇಳುವರು: "ಅಕ್ಕ ಸರಿಯಾಗಿ ಊಟ ಮಾಡ್ತಾಳಾ? ನಾನು ಕೇಳಿದೆ ಅಂತ ಹೇಳ್ಬೇಡ." ಜೋಗೇಶ್ವರಿಯಲ್ಲಿ ಅತ್ತೆ, "ನಿನ್ನ ಅಪ್ಪನ ಮಂಡಿನೋವು ಹೇಗುಂಟು? ನಾನು ಕೇಳಿದ್ದಲ್ಲ" ಎನ್ನುವರು. ಆಮೇಲೆ ಸ್ವರ ತಗ್ಗಿಸಿ, "ಬೇರೆ ಎಂತಾದ್ರೂ ಹೇಳಿದ್ನಾ?" ಇಲ್ಲ ಎಂದರೆ ಸುಮ್ಮನೆ ಕೀಬೋರ್ಡಿನ ಧೂಳು ಒರೆಸುವರು.

ಮೊನ್ನೆ ಹೊಸ ಯಂತ್ರ ಬಂತು. ಅದರ ಪ್ರೋಗ್ರಾಮನ್ನು ನಾನೇ ಬರೆದೆ. ಬೆಳಿಗ್ಗೆಯಿಂದ ಒಂದೇ ಒಂದು ಸಂದೇಶವಿಲ್ಲ! ತಂತಿ ಸರಿ, ವಿದ್ಯುತ್ ಸರಿ. ಮಧ್ಯಾಹ್ನ ಅತ್ತೆ ನನ್ನ ಬರಹದ ಮೇಲೆ ಬೆರಳಾಡಿಸಿ ಗಹಗಹಿಸಿ ನಕ್ಕರು.

"ಎರಡೂ ಕಡೆಯವರಿಗೂ ಮೊದಲು ಕೇಳಿಸ್ಕೋ ಅಂತ ಬರೆದಿದ್ದಿಯಲ್ಲ ಮಾರಾಯ! ಇದು ಅದು ಹೇಳ್ಲಿ ಅಂತ, ಅದು ಇದು ಹೇಳ್ಲಿ ಅಂತ. ಪ್ರಳಯದವರೆಗೂ ಹೀಗೇ ಕೂತಿರ್ತಾವೆ."

ನಗು ಅರ್ಧದಲ್ಲೇ ನಿಂತಿತು. ಸ್ವಲ್ಪ ಹೊತ್ತು ಪರದೆಯನ್ನೇ ನೋಡುತ್ತಿದ್ದರು. ಆಮೇಲೆ ಎದ್ದು ಚೀಲ ಹೆಗಲಿಗೆ ಹಾಕಿಕೊಂಡರು.

"ಬಾಂದ್ರಾಕ್ಕೆ ಹೋಗುವ, ಬಾ."

ಲೋಕಲಿನಿಂದ ಇಳಿದ ಅತ್ತೆ ನನಗಿಂತ ಮುಂದೆ ನಡೆದರು. ಹೋಟೆಲಿನ ಬಾಗಿಲಲ್ಲಿ ಕಾಲು ಒಮ್ಮೆ ತಡೆಯಿತು. ಅಪ್ಪ ಗಲ್ಲಾದಲ್ಲಿ ಪೇಪರ್ ಓದುತ್ತಿದ್ದರು. ತಲೆಯೆತ್ತಿದವರು ತಮ್ಮ ಅಕ್ಕನನ್ನು ಕಂಡು ಹಾಗೇ ಎದ್ದು ನಿಂತರು.

ಅತ್ತೆ ಹತ್ತಿರ ಹೋಗಿ ಅಪ್ಪನ ತಲೆಗೂದಲನ್ನು ಮೆಲ್ಲಗೆ ಮುಟ್ಟಿದರು.

"ಎಂತ ತಮ್ಮಾ, ಎಲ್ಲ ಬೆಳ್ಳಗಾಗಿದೆಯಲ್ಲ?"

ಅಪ್ಪ ಕೈಯಲ್ಲಿದ್ದ ಪೇಪರನ್ನು ಗಲ್ಲಾದ ಮೇಲೆ ಇಟ್ಟರು.

"ನೀನು ನೋಡ್ಲಿಲ್ಲ ಅಕ್ಕ, ಹಾಗೆ ಆಯ್ತು."